ಎಂಟನೆಯ ಗುರುತು

ಈ ಊರಲ್ಲಿ ಆಲಿಕಲ್ಲನ್ನು ನಾಣ್ಯದಲ್ಲಿ ಅಳೆಯುತ್ತಾರೆ.
ಪೆನ್ನಿಯಷ್ಟಿದ್ದರೆ ಕಾರಿಗೆ ಕಂಬಳಿ ಹೊದಿಸು,
ಕ್ವಾರ್ಟರಿನಷ್ಟಾದರೆ ಸೂರಿನ ಆಸೆ ಬಿಡು,
ಗಾಲ್ಫ್ ಚೆಂಡಾದರೆ ಕಿಟಕಿ ಬಿಟ್ಟು ಓಡು.
ಸಲೈನಾದಲ್ಲಿ ಮನೆ ಕೊಂಡ ಮೊದಲ ವಾರ
ಬೇಲಿಯಾಚೆಯ ಡ್ವೇನ್ ಹ್ರುಸ್ಕಾ
ತೋಟದ ಟೊಮೇಟೊ ಜತೆ ದಾಟಿಸಿದ ಬುದ್ಧಿಮಾತು.
ನಕ್ಕೆ. ನನ್ನ ಅಳತೆಯೇ ಬೇರೆ:
ಹುಣಸೆಬೀಜ, ನೆಲ್ಲಿಕಾಯಿ, ನಿಂಬೆ.
ಹಾವೇರಿಯ ಶಾಲೆಯಂಗಳದಲ್ಲಿ ಲಂಗ ಒಡ್ಡಿ ಹಿಡಿದು
ಕಟುಂ ಎಂದು ಕಡಿದವಳು ನಾನು.
ಮುಗಿಲು ಕೊಟ್ಟ ತಿಂಡಿಗೆ ಯಾರು ಹೆದರುತ್ತಾರೆ?

ಮೇ ಇಪ್ಪತ್ತೊಂದು, ಸಂಜೆ ಐದೂ ಮುಕ್ಕಾಲು.
ಮೋಡದ ಹೊಟ್ಟೆ ಹಸಿರಾಯಿತು,
ತಿಕ್ಕದೆ ಬಿಟ್ಟ ತಾಮ್ರದ ಕಿಲುಬಿನ ಹಸಿರು.
ಸೈರನ್ ಕೂಗಿ, ಉಸಿರೆಳೆದುಕೊಂಡು, ಮತ್ತೆ ಕೂಗಿತು.
ಮೊದಲು ಒಂದು. ಟಪ್.
ಆಮೇಲೆ ಯಾರೋ ಲಾರಿ ಎತ್ತಿ ಜಲ್ಲಿ ಸುರಿದಂತೆ
ಒಂಬತ್ತು ನಿಮಿಷ.
ನೆಲಮಾಳಿಗೆಯಲ್ಲಿ ವಾಷಿಂಗ್ ಮೆಷಿನ್ನಿಗೆ ಆತು ಕೂತಾಗ
ತಿಳಿಯಿತು, ತಲೆಯ ಮೇಲಿರುವುದು ಮನೆಯಲ್ಲ,
ಮೂವತ್ತು ವರ್ಷದ ಸಾಲ.

ಮರುದಿನ ಕಾಫಿಗೂ ಮೊದಲೇ ಬಾಗಿಲು ಬಡಿದರು.
ಓಕ್ಲಹೋಮ ನಂಬರಿನ ಪಿಕಪ್ಪು, ಉದ್ದ ಏಣಿ,
ಸಹಿಯೊಂದೇ ಬಾಕಿ ಇದ್ದ ಕಾಗದ.
"ಮೇಡಂ, ಪುಕ್ಕಟೆ ನೋಡಿಕೊಡುತ್ತೇವೆ."
ಡ್ವೇನ್ ಬೇಲಿಯಿಂದಲೇ ತಲೆಯಾಡಿಸಿದ: ಬೇಡ.

ವಿಮೆಯ ಪತ್ರವನ್ನು ಮೊದಲ ಸಲ ಪೂರ್ತಿ ಓದಿದೆ.
ಆಲಿಕಲ್ಲು ಬಿದ್ದರೆ ಮೊದಲ ಪಾಲು ನಿಮ್ಮದು,
ಮನೆಯ ಬೆಲೆಯ ನೂರಕ್ಕೆ ಎರಡು.
ಹತ್ತು ದಾಟಿದ ಸೂರಿಗೆ ಹೊಸದರ ದರವಿಲ್ಲ,
ಸವೆದದ್ದು ಕಳೆದು ಉಳಿದಷ್ಟು.
ಸೂರಿಗೆ ಹದಿನಾಲ್ಕು. ನನಗೆ ಐವತ್ತೊಂದು.
ನನ್ನನ್ನೂ ಹೀಗೇ ಕಳೆಯುತ್ತ ಹೋದರೆ
ಕೈಗೆ ಎಷ್ಟು ಬಂದೀತು?

ಹನ್ನೆರಡನೆಯ ದಿನ ಕಂಪನಿಯ ಮರಿಸೆಲಾ ಬಂದಳು,
ರಬ್ಬರ್ ಬೂಟು, ಕಿವಿಗೆ ಸಿಕ್ಕಿಸಿದ ಪೆನ್ಸಿಲ್, ಹಳದಿ ಸೀಮೆಸುಣ್ಣ.
ಬೇಡವೆಂದರೂ ಅವಳ ಹಿಂದೆ ಏಣಿ ಹತ್ತಿದೆ.
ಪಡುವಣ ಇಳಿಜಾರಿನಲ್ಲಿ ಹತ್ತಡಿಗೆ ಹತ್ತಡಿ ಚೌಕ ಎಳೆದಳು.
ಎಂಟು ಪೆಟ್ಟು ಸಿಕ್ಕರೆ ಇಳಿಜಾರೆಲ್ಲ ಹೊಸದು,
ಏಳಾದರೆ ತೇಪೆ.
ಮಾವು ಮಾಗಿದೆಯೇ ಎಂದು ನೋಡುವಂತೆ
ಹೆಬ್ಬೆರಳಲ್ಲಿ ಒತ್ತುತ್ತಾಳೆ. ಪೆಟ್ಟು ಬಿದ್ದಲ್ಲಿ ಮೆತ್ತಗೆ.
ಒಂದು ವೃತ್ತ. ಇನ್ನೊಂದು.
ಐದು ಬೇಗ ಬಂತು, ಆರಕ್ಕೆ ಹುಡುಕಾಟ, ಏಳು.
"ಇದೋ?" ಎಂದೆ.
"ಇದು ಬಿಸಿಲಿಗೆ ಎದ್ದ ಬೊಕ್ಕೆ.
ಬಿಸಿಲಿಗೆ ವಿಮೆಯಿಲ್ಲ."

ಫೋಟೋಕ್ಕೆಂದು ಚಿಮಣಿಯಾಚೆ ಹೋದಳು.
ಸೀಮೆಸುಣ್ಣ ನನ್ನ ಮೊಣಕಾಲ ಬಳಿ.
ಮರೆತಳೋ, ಬಿಟ್ಟಳೋ.

ಮೇಲಿನಿಂದ ಊರು ಕಾಣುತ್ತದೆ. ಗೋಧಿಯ ಸೈಲೋ,
ನೀಲಿ ಟಾರ್ಪಾಲು, ಮತ್ತೆ ನೀಲಿ ಟಾರ್ಪಾಲು,
ಸೂರು ಸೂರಿನ ಮೇಲೆ ಮಂಡಿಯೂರಿದ ಜನ,
ಮೂಗುಬೊಟ್ಟು ಕಳಕೊಂಡವರ ಹಾಗೆ.
ಡ್ವೇನನ ಸೂರಿಗೆ ಮಾತ್ರ ಯಾರೂ ಹತ್ತಿಲ್ಲ.
ಕಂತು ಏರಿದ್ದಕ್ಕೆ ಹೋದ ವರ್ಷವೇ ಬಿಟ್ಟೆ ಎಂದು
ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಕೂಗಿ ಹೇಳಿದ.

ಸೀಮೆಸುಣ್ಣ ನನಗೇನು ಹೊಸದಲ್ಲ.
ದಾವಣಗೆರೆಯಲ್ಲಿ ಹನ್ನೊಂದು ವರ್ಷ ಲೆಕ್ಕ ಕಲಿಸಿದ ಕೈ.
ಒಂದಂಕ ಸಾಲದೆ ಮೇಜಿನ ಮುಂದೆ ನಿಂತಿದ್ದ ರುದ್ರಗೌಡ:
"ಇನ್ನೊಮ್ಮೆ ನೋಡ್ರಿ ಟೀಚರ್, ಎಲ್ಯಾರ ಇದ್ದೀತು."
ನೋಡಿದ್ದೆ. ಇರಲಿಲ್ಲ.
ಈಗ ಆ ಬೊಕ್ಕೆಯನ್ನು ಒತ್ತಿದೆ.
ಗಟ್ಟಿ.
ಇನ್ನೊಮ್ಮೆ ಒತ್ತಿದೆ.

ಮರಿಸೆಲಾ ಬಂದು ಚೌಕ ನೋಡಿದಳು, ನನ್ನ ಕೈ ನೋಡಿದಳು,
ಬೆರಳ ತುಂಬ ಹಳದಿ.
ಏಳು, ಎಂದು ಬರೆದುಕೊಂಡಳು.

ಫ್ರೀಜರಿನಲ್ಲಿ ಕೊಬ್ಬರಿ ತುರಿಯ ಪಕ್ಕ
ಸಾಕ್ಷಿಗೆಂದು ಅವತ್ತು ಎತ್ತಿಟ್ಟದ್ದು ಇನ್ನೂ ಇದೆ.
ಯಾರೂ ಕೇಳಲಿಲ್ಲ.
ಬಾಗಿಲು ತೆಗೆದರೆ ಕಣ್ಣಾಲಿಯ ಹಾಗೆ ನೋಡುತ್ತದೆ.
ಕರಗದೆಯೂ ಸವೆಯುತ್ತದೆ ಅದು.
ಆಗ ನಿಂಬೆಯಷ್ಟಿತ್ತು,
ಈಗ ನೆಲ್ಲಿ.
ಮುಂದಿನ ಮೇ ಹೊತ್ತಿಗೆ ಹುಣಸೆಬೀಜವಾದರೆ
ಬಾಯಿಗೆ ಹಾಕಿಕೊಂಡುಬಿಡುತ್ತೇನೆ.