ಒಡಕು ಕಾಯುವ ಪಾಳಿ

ಮಾಚೇನಹಳ್ಳಿ ಶೆಡ್ಡಿನಲ್ಲಿ ರಾತ್ರಿ ಒಂದೂ ಕಾಲು.
ಯಂತ್ರದ ದವಡೆಗೆ ಕಚ್ಚಿಸಿದ ಬೆರಳುದ್ದದ ಪಟ್ಟಿ,
ಮೇಲೆ ಅಲ್ಯೂಮಿನಿಯಂ, ಒಳಗೆ
ಕೂದಲಿಗಿಂತ ಸಣ್ಣ ಎಳೆಗಳು, ಲೆಕ್ಕವಿಲ್ಲ.
ಎಳೆ, ಬಿಡು. ಎಳೆ, ಬಿಡು.
ಸೆಕೆಂಡಿಗೆ ಹತ್ತು ಸಲ.
ಮುರಿಯುವಷ್ಟು ಜೋರಾಗಿ ಎಳೆಯುವುದಿಲ್ಲ ಇದು,
ಅದರ ಅರ್ಧವೂ ಇಲ್ಲ.
ನಿಲ್ಲಿಸುವುದಿಲ್ಲ, ಅಷ್ಟೇ.

ಬೆಳಗಿನ ಆರಕ್ಕೆ ಸಿರಿಲ್ ಶುರು ಮಾಡಿಕೊಟ್ಟು ಹೋದದ್ದು.
ಎಣಿಕೆ ಈಗ ಆರು ಲಕ್ಷದ ತೊಂಬತ್ತು ಸಾವಿರ.
ಒಡಕು ಹುಟ್ಟಿದ್ದು ಯಾವಾಗಲೋ, ಊಟದ ಹೊತ್ತಿಗಿರಬಹುದು,
ಯಾರೂ ನೋಡಿಲ್ಲ.
ಮಸೂರದ ಕೆಳಗೆ ಈಗ ಒಂದೂವರೆ ಮಿಲಿಮೀಟರು,
ಬರೆದಿದ್ದೇನೆ.

ಹೋದ ತಿಂಗಳ ಪಟ್ಟಿಗಳಲ್ಲಿ
ಎಳೆಗೂ ಲೋಹಕ್ಕೂ ಬಿಡಿಸಲಾರದ ಬೆಸುಗೆ.
ಎಲ್ಲರಿಗೂ ಖುಷಿ. ಒಡಕು ಬಂತು,
ಲೋಹ ಯಾವುದು ಎಳೆ ಯಾವುದು ಕೇಳದೆ
ಕುಡುಗೋಲಿನ ಹಾಗೆ ಕೊಯ್ದುಕೊಂಡು ನಡೆಯಿತು;
ಎರಡು ಲಕ್ಷಕ್ಕೆ ಎರಡು ತುಂಡು.

ಈ ಸಲ ವಸುಮತಿ ಮೇಡಂ
ಎಳೆಗಳಿಗೆ ತೆಳ್ಳಗೆ ಕಪ್ಪು ಲೇಪ ಕೊಡಿಸಿದ್ದಾರೆ,
ಹಿಡಿತ ತುಸು ಜಾರಲಿ ಅಂತ.
ಒಡಕು ಎಳೆಯ ತನಕ ಬಂದು, ತಡವರಿಸಿ,
ಅದರ ಮಗ್ಗುಲಿಗೇ ಸ್ವಲ್ಪ ದೂರ ಹರಿದು,
ಬಳಸಿಕೊಂಡು ಮುಂದೆ ಹೋಗುತ್ತದೆ.
ಎಳೆ ಮಾತ್ರ ಹಿಂದೆ ಉಳಿದು
ಎರಡು ದಡಕ್ಕೂ ಕಾಲುಸಂಕ.

ನಗು ಬಂತು ನನಗೆ.
ಮೇದಾರ ಕೇರಿಯಲ್ಲಿ ನಮ್ಮತ್ತೆ ಹೊನ್ನೂರಮ್ಮ
ನಾನು ಹೆಣೆದ ಮೊದಲ ಬುಟ್ಟಿ ತಿರುಗಿಸಿ ನೋಡಿ ಅಂದಿದ್ದಳು:
“ಇಷ್ಟು ಬಿಗಿದೀಯ! ಅಂಗಡೀಲಿಟ್ರೆ ಲಕ್ಷಣ.
ತಲೆ ಮೇಲೆ ಹೊತ್ರೆ ಮೂರು ದಿನ.”
ಮೇಡಂಗೆ ಇದನ್ನು ಹೇಳಿಲ್ಲ. ವರದಿಯಲ್ಲಿ
ಅಂಥದಕ್ಕೆ ಕಾಲಂ ಇಲ್ಲ.

ಎರಡೂ ಮುಕ್ಕಾಲಿಗೆ ಕರೆಂಟು ಹೋಯಿತು.
ಎಳೆ ಅನ್ನುವ ಮಾತು ಅರ್ಧಕ್ಕೆ ನಿಂತು
ಕಿವಿಯೊಳಗೆ ಮಾತ್ರ ಇನ್ನೂ ಬಡಿಯುತ್ತಿತ್ತು.
ಹೊರಗೆ ಭದ್ರಾವತಿ ಕಡೆಗೆ ಒಂದು ಲಾರಿ.
ಮುರಿದ ಮೇಲೆ ಆ ಮುಖವನ್ನು ದೀಪಕ್ಕೆ ಹಿಡಿದರೆ
ಹೊಳೆ ಇಳಿದ ಮರಳಿನ ಹಾಗೆ ಗೆರೆ ಗೆರೆ;
ಈ ಇಪ್ಪತ್ತು ನಿಮಿಷದ ಕತ್ತಲೂ ಅಲ್ಲೊಂದು ಗೆರೆ,
ಉಳಿದವಕ್ಕಿಂತ ಕೊಂಚ ದಪ್ಪ.
ನನ್ನ ಹೆಬ್ಬೆರಳಲ್ಲೂ ಒಂದುಂಟು,
ಬಿದಿರು ಸೀಳು ಹೊಕ್ಕ ವರ್ಷದ್ದು.

ಕರೆಂಟು ಬಂತು.
ಸಾವಿರ ಎಣಿಸುವಷ್ಟರಲ್ಲಿ, ಟಿಕ್.
ಇಡೀ ಶೆಡ್ಡಿನಲ್ಲಿ ನನಗೊಬ್ಬಳಿಗೆ ಕೇಳಿಸಿತು.
ಮೂರು ಗಂಟೆ ಎಂಟು ನಿಮಿಷ: ಎಳೆ, ಒಂದು.
ಬರೆದಿಟ್ಟು
ಚಹಾದ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದೇನೆ,
ಯಾರು ಇಷ್ಟು ಬಿಗಿದರೋ,
ಬರುತ್ತಿಲ್ಲ.