ಕ್ಲುಸ್ಕಾಳ ತೀರ್ಥ

ಕ್ರಿಸ್‌ಮಸ್ ಮುಗಿದರೆ ತೊರೂನಿನಲ್ಲಿ
ಪಾದ್ರಿಗಳು ಮನೆಮನೆ ಹತ್ತಿ ಹರಸುವ ಕಾಲ.
ಮೂರನೇ ಮಹಡಿಯ ನಮ್ಮ ಫ್ಲ್ಯಾಟಿಗೆ ಸಂಜೆ ಐದಕ್ಕೆ ಪಾಳಿ.
ಬೊಗ್ನಾ ಬಿಳಿ ಮೇಜುಬಟ್ಟೆಗೆ ಎರಡೆರಡು ಸಲ ಇಸ್ತ್ರಿ ಎಳೆದಳು.
ಶಿಲುಬೆ, ಎರಡು ಮೇಣದ ಬತ್ತಿ, ಗಾಜಿನ ಬಟ್ಟಲಲ್ಲಿ ತೀರ್ಥ,
ಪಕ್ಕದಲ್ಲಿ ಪ್ರೋಕ್ಷಣೆಗೊಂದು ಪುಟ್ಟ ಕುಂಚ.
"ತಿಮೊನ್, ಮೊದಲು ಆ ನಾಯಿಯನ್ನು ಬಚ್ಚಲಿಗೆ ಹಾಕು."

ಹಾಕಿದೆ. ದೇವರಾಣೆ ಹಾಕಿದೆ.
ಆದರೆ ಕ್ಲುಸ್ಕಾಳಿಗೆ, ಕಡುಬೆಂದು ನಾವು ಹೆಸರಿಟ್ಟ
ಆ ಗಿಡ್ಡ ಕಾಲಿನ, ಕಿವಿಯಲ್ಲೇ ನೆಲ ಗುಡಿಸುವ ಬಾಸೆಟ್ಟಿಗೆ
ಬಚ್ಚಲೆಂದರೆ ಸೆರೆಮನೆಯೆ? ಅರವಟ್ಟಿಗೆ!
ಕಮೋಡಿನ ಮುಚ್ಚಳ ಮೂತಿಯಲ್ಲೆತ್ತಿ
ಲೊಚಲೊಚ ಹೊಟ್ಟೆ ತುಂಬ ಕುಡಿದು,
ಒಗೆಯುವ ಬುಟ್ಟಿ ಬಗೆದು ನನ್ನ ಕಾಲುಚೀಲ ಹೆಕ್ಕಿ,
ಅದೂ ಎಡಗಾಲಿನದೇ (ಹೇಗೆ ಗೊತ್ತಾಗುತ್ತದೋ),
ಚಿಲಕ ತೆಗೆದು ಹೊರಬಂದಳು.

ಫಾದರ್ ಸೆವೆರಿನ್ ಇನ್ನೂ ಎಳೆಯರು,
ಕನ್ನಡಕದ ತುಂಬ ಮೆಟ್ಟಿಲು ಹತ್ತಿದ ಆವಿ.
ಪ್ರಾರ್ಥನೆ ಶುರು. ಎಲ್ಲರೂ ಕಣ್ಣು ಮುಚ್ಚಿದೆವು.
ಆಗ ಬಂತು ಮೇಜಿನಡಿಯಿಂದ,
ಸದ್ದಿಲ್ಲ, ಸುದ್ದಿಯಿಲ್ಲ,
ಮೊನ್ನೆಯ ಹುಳಿಕೋಸೂ ನಿನ್ನೆಯ ಮೀನಿನ ತಲೆಯೂ
ಕೈಕೈ ಹಿಡಿದು ಗೋರಿಯಿಂದೆದ್ದು ಬಂದಂತೆ.
ಬತ್ತಿ ನಡುಗಿತು.
ಬೊಗ್ನಾ ನನ್ನ ಕಡೆ ನೋಡಿದಳು, ನಾನು ಮಾವನ ಕಡೆ,
ಮಾವ ಗೋಡೆಯ ಮೇಲಿನ ಮಾತೆ ಮರಿಯಳ ಕಡೆ.
ಪಾದ್ರಿ ಬಾಯಲ್ಲಿ ಉಸಿರೆಳೆದು
"ಈ ಮನೆಗೆ ಶಾಂತಿಯಾಗಲಿ" ಎಂದರು, ತುಸು ಅವಸರದಲ್ಲಿ.

ಅಷ್ಟಕ್ಕೇ ಬಿಟ್ಟಾಳೆಯೆ?
ಜಮಖಾನದ ನಟ್ಟನಡುವೆ ಕೂತು, ಹಿಂಗಾಲೆರಡೂ ಮೇಲೆತ್ತಿ,
ಕುಂಡೆಯನ್ನೇ ಜಾರುಬಂಡಿ ಮಾಡಿಕೊಂಡು
ಬಾಗಿಲಿಂದ ಕಿಟಕಿಯವರೆಗೆ ಸಾಗಿದಳು ಮಹಾರಾಣಿ,
ಮುಖದಲ್ಲಿ ಧ್ಯಾನಸ್ಥರ ಶಾಂತಿ.
ಕಿಟಕಿ ಮುಟ್ಟಿ, ಕುರ್ಚಿ ಏರಿ,
ತೀರ್ಥಕ್ಕೆ ನಾಲಿಗೆಯಿಟ್ಟಳು.

ಆಮೇಲೆ ಆ ಸದ್ದು. ನಾಯಿ ಸಾಕಿದವರಿಗೆಲ್ಲ ಗೊತ್ತು,
ನಡುರಾತ್ರಿಯ ಗಾಢ ನಿದ್ದೆಯಿಂದಲೂ ಎಬ್ಬಿಸುವ
ಹುಕ್, ಹುಕ್, ಹುಕ್.
ಪಾದ್ರಿಯ ಬೂಟಿನ ತುದಿಯಲ್ಲಿ
ಹಳದಿ ನೊರೆಯ ನಡುವೆ, ತಲೆಯೆತ್ತಿ ನಿಂತಿತ್ತು
ಕಪ್ಪು ಚೆಸ್ ಕುದುರೆ.

"ನನ್ನ ಕುದುರೆ!" ಕಲಿನಾ ಕುಣಿದಳು.
ವಾರವಿಡೀ ಅದರ ಜಾಗದಲ್ಲಿ ಅಕ್ರೋಟು ಇಟ್ಟು ಆಡಿದ್ದೆವು.

ಮೌನ. ನೆಲ ಬಿರಿಯಬಾರದೆ ಎಂದುಕೊಂಡೆ;
ಮಹಡಿಯ ನೆಲ, ಬಿರಿದರೂ ಕೆಳಗಿನ ಮನೆಯವರ ಸಾರಿಗೆ ಬೀಳುತ್ತಿದ್ದೆ.
ಫಾದರ್ ಕನ್ನಡಕ ಒರೆಸಿ, ಬಗ್ಗಿ ನೋಡಿ,
"ನಮ್ಮಮ್ಮನ ಮನೆಯಲ್ಲೂ ಒಬ್ಬನಿದ್ದ.
ಕಕ್ಕಿದ್ದನ್ನು ತಾನೇ ನೆಕ್ಕಿ ನೆಲ ಒರೆಸುತ್ತಿದ್ದ.
ನಿಮ್ಮವಳಿಗೆ ಕೆಲಸ ಇನ್ನೂ ಪೂರ್ತಿ ಬಂದಿಲ್ಲ" ಎಂದು ಕೂತುಬಿಟ್ಟರು,
ನಗುತ್ತ, ಹೊಟ್ಟೆ ಹಿಡಿದುಕೊಂಡು.

ಬಟ್ಟಲಲ್ಲಿ ಉಳಿದದ್ದು ಎರಡು ಹನಿ, ಮಿಕ್ಕಿದ್ದು ಜೊಲ್ಲು.
ಅದರಲ್ಲೇ ಕುಂಚ ಅದ್ದಿ ನಮ್ಮ ತಲೆಗೆ ಚಿಮುಕಿಸಿದರು.
ಯಾರೂ ಒರೆಸಿಕೊಳ್ಳಲಿಲ್ಲ.

ಕುದುರೆಯನ್ನು ಮೂರು ಸಲ ಸೋಪು ಹಾಕಿ ತೊಳೆದೆವು.
ಆದರೂ ಮಾವ ಅದನ್ನು ಬೆರಳಿಂದ ಮುಟ್ಟುವುದಿಲ್ಲ,
ಹೊಡೆಯುವ ಅವಕಾಶ ಬಂದರೂ.
ಅಂದಿನಿಂದ ದಿನಾ
ಕಲಿನಾಳೇ ಗೆಲ್ಲುತ್ತಾಳೆ.