ಮೂರು ಪಟ್ಟಿ

ಹಂಪನಕಟ್ಟೆಯಿಂದ ಇಳಿದು ಬಂದರಿನ ಕಡೆ ತಿರುಗುವಲ್ಲಿ
ಮೆಟ್ಟಿಲ ಅಡಿ ನನ್ನದೊಂದು ಅಂಗಡಿ.
ಮದುವೆ ಸೂಟು ಹೊಲಿಯುವುದಿಲ್ಲ, ಬರೀ ಯೂನಿಫಾರ್ಮು.
ಖಾಕಿಗೆ ಒಂದು ದಾರ, ಹಸಿರಿಗೆ ಇನ್ನೊಂದು.
ಭುಜದ ಬಿಲ್ಲೆ ಅರ್ಧ ಅಂಗುಲ ಸರಿದರೆ ಪರೇಡಿನಲ್ಲಿ ಬೈಗುಳ,
ಹಾಗಾಗಿ ದೇಶದ ವಿಷಯದಲ್ಲಿ ನಾನು
ಟೇಪು ಹಿಡಿದೇ ಮಾತಾಡುವವನು.

ಆಟಿ ತಿಂಗಳ ಮೂರನೇ ದಿನ ವಾಮನ ಕರ್ಕೇರ ಬಂದ,
ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಅಂಗಿ:
ಗೃಹರಕ್ಷಕ ದಳದ ಖಾಕಿ, ಟೆರಿಟೋರಿಯಲ್ ಸೈನ್ಯದ ಹಸಿರು.
ಎರಡು ಕಡೆ ಹೆಸರು ಇರಬಾರದಂತೆ.
ಇತ್ತು.
"ಪೊರ್ಬುಗಳೇ, ಇವತ್ತು ಎರಡು ಕಾಗದ ಬಂತು."

ಒಂದು ಜಿಲ್ಲಾ ಕಚೇರಿಯದ್ದು, ಕನ್ನಡದ್ದು, ಒದ್ದೆ:
ಹೊಳೆ ಏರುತ್ತಿದೆ, ದೋಣಿ ನಡೆಸುವವರು ಕೂಡಲೇ ಬರತಕ್ಕದ್ದು.
ಇನ್ನೊಂದು ದೂರದ್ದು, ಗರಿಗರಿ ಒಣಗಿದ್ದು,
ಅರ್ಧ ಹಿಂದಿ, ಅರ್ಧ ಸೀಲು:
ಕಣ್ಣೂರಿಗೆ ಬಾ. ಯಾಕೆಂದು ಅಲ್ಲಿ ತಿಳಿಸಲಾಗುವುದು.

ಪ್ಯಾಂಟಿಗೆ ಕಾದಿದ್ದ ಹವಾಲ್ದಾರ್ ಐತಪ್ಪ ಆಳ್ವರು,
ತೋಳಿನ ಮೂರು ಪಟ್ಟಿ ಬಿಚ್ಚಿ ಇಪ್ಪತ್ತು ವರ್ಷವಾದರೂ
ಕುರ್ಚಿಯಲ್ಲಿ ನೆಟ್ಟಗೆ ಕೂರುವವರು,
"ಮೇಲಿನ ಮಾತು ಮೊದಲು" ಅಂದರು.
"ಯಾರಿಗೆ ಮೇಲೆ?" ವಕೀಲರ ಗುಮಾಸ್ತ ಮೊಯಿದಿನಬ್ಬ.
"ಸೈನ್ಯ ಕೇಂದ್ರದ ಪಟ್ಟಿ, ಪೊಲೀಸು ರಾಜ್ಯದ ಪಟ್ಟಿ,
ಇಬ್ಬರಿಗೂ ಸೇರಿದ್ದು ಇನ್ನೊಂದು ಉಂಟು."
"ಅದರಲ್ಲಿ ಹೊಳೆ ಉಂಟಾ?" ವಾಮನ ಕೇಳಿದ.
ಗುಮಾಸ್ತ ಕೊಡೆ ಕೊಡವಿದ.

ವಾಮನ ಹಸಿರು ಹಾಕಿದ.
ಹೆದರಿ ಅಂತ ಹೇಳಲಾರೆ, ಹೆಮ್ಮೆಯಿಂದ ಅಂತಲೂ.
ಖಾಕಿಯ ದಿನಭತ್ಯೆ ಮಾರ್ಚಿನದ್ದು ಇನ್ನೂ ಬಂದಿರಲಿಲ್ಲ,
ಅದು ನನ್ನ ಸಾಲದ ಪಟ್ಟಿಗೆ ಗೊತ್ತು.
ಸಂಜೆಯ ರೈಲು ನೇತ್ರಾವತಿ ದಾಟುವಾಗ
ನೀರು ಸೇತುವೆ ಮುಟ್ಟಲು ಸ್ವಲ್ಪವೇ ಬಾಕಿಯಂತೆ.
ಕಿಟಕಿಯಿಂದ ಕಂಡೆ ಅಂತ ಆಮೇಲೆ ಹೇಳಿದ.
ಕಂಡೆ, ಅಷ್ಟೆ.

ಮೂರನೇ ರಾತ್ರಿ ಬೆಂಗ್ರೆಗೆ ನೀರು ನುಗ್ಗಿತು.
ಇಲಾಖೆಯ ರಬ್ಬರ್ ದೋಣಿ ಕಂಬಕ್ಕೆ ಕಟ್ಟಿಯೇ ಇತ್ತು,
ಅದರ ಎಂಜಿನ್ನಿನ ಹಠ ಗೊತ್ತಿದ್ದವನು ಒಬ್ಬನೇ.
ಅವನ ಅತ್ತೆ ಗಿರಿಜಕ್ಕನನ್ನು ಬಾಗಿಲ ಹಲಗೆಗೆ ಬಿಗಿದು
ಈಜಿ ದಾಟಿಸಿದವರು ಮೀನಿನ ಲಾರಿಯ ಹುಡುಗರು,
ಚಡ್ಡಿ ಬಿಟ್ಟರೆ ಮೈಮೇಲೆ
ನಾನು ಹೊಲಿಯುವಂಥದ್ದು ಏನೂ ಇಲ್ಲದವರು.
ಅತ್ತ ಕಣ್ಣೂರಿನ ಶೆಡ್ಡಿನಲ್ಲಿ
ಮುಂದಿನ ಆದೇಶಕ್ಕೆ ಕಾದ ಕಂಪನಿ
ನಾಲ್ಕು ದಿನ ಕೇರಂ ಆಡಿತು.
ಐದನೇ ದಿನ, ಆದೇಶ ರದ್ದು.

ಖಾಕಿ ತೆಗೆದುಕೊಂಡು ಮತ್ತೆ ಬಂದ, ಜೊತೆಗೆ ಮೂರನೇ ಕಾಗದ:
ಗೈರುಹಾಜರಿ. ಹೆಸರು ಕಡಿದಿದೆ. ಬಿಲ್ಲೆ ಹಿಂದಿರುಗಿಸತಕ್ಕದ್ದು.
"ಬಿಚ್ಚಿ ಕೊಡಿ."
ಬ್ಲೇಡಿನಲ್ಲಿ ಒಂದೊಂದೇ ಹೊಲಿಗೆ ಕಡಿದೆ,
ಒಂಬತ್ತು ವರ್ಷದ ಹಿಂದೆ ನಾನೇ ಹಾಕಿದ್ದು, ಗಟ್ಟಿ ಇತ್ತು ಮಾರಾಯ್ರೆ.
ಬಿಲ್ಲೆ ಎದ್ದ ಕಡೆ ಬಟ್ಟೆ ಇನ್ನೂ ಹೊಸದು,
ಸುತ್ತಲಿನದ್ದೆಲ್ಲ ಮಾಸಿದ್ದು.
ಗಿರಿಜಕ್ಕ ಹೇಗಿದ್ದಾರೆ ಅಂತ ಕೇಳಿದೆ.
"ಮಾತಾಡುತ್ತಾರೆ. ನನ್ನ ಹತ್ತಿರ ಇಲ್ಲ."

ಎಷ್ಟಾಯ್ತು ಅಂದ. ಬರೆದುಕೊಳ್ಳುತ್ತೇನೆ ಅಂದೆ.
ಅಂಗಿ ಕೇಳಲಿಲ್ಲವಂತೆ ಅವರು.
ಬಲೆ ಹೊಲಿಯಲು ಕೂರುವಾಗ ಹಾಕುತ್ತಾನಂತೆ.